ಕಾಶವ್ವನ ಕೂಗು

ಎಚ್ಚರಿಕೆಯ ಗಂಟೆ ಎಷ್ಟು ಬಡಿದುಕೊಂಡರೂ ತಿರುಗಿ ನೋಡದ ಮನುಷ್ಯ, ಮನೆಯವರು ಮೆಲ್ಲಗೆ ಕರೆದರೆ ತಟ್ಟನೆ ತಿರುಗುತ್ತಾನೆ. ಇಷ್ಟನ್ನು ಒಂದು ಯಂತ್ರಕ್ಕೆ ಕಲಿಸಿಬಿಟ್ಟರೆ ಹೇಗೆ? ಈ ಪ್ರಶ್ನೆ ಅಂಬುಜಾ ಕೌಜಲಗಿಯ ತಲೆ ಹೊಕ್ಕದ್ದು ಒಂದು ಮಧ್ಯಾಹ್ನ, ದುಂಡಪ್ಪನ ಹೆಂಡತಿ ಬುತ್ತಿ ತಂದಾಗ.

ಘಟಪ್ರಭೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅಂಬುಜಾ ಸುರಕ್ಷಾ ಅಧಿಕಾರಿ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅಲ್ಲಿ ಹಗಲು ಇರುಳೆಂಬ ಭೇದವಿಲ್ಲ. ಗಾಣಗಳ ಸದ್ದಿಗೆ ಪಕ್ಕದವನ ಮಾತು ಕೇಳಿಸದು, ಕಬ್ಬಿನ ಸಿಪ್ಪೆಯ ದೂಳು ಹಾರಿ ಹಾರಿ ಎಲ್ಲದರ ಮೇಲೂ ಕೂರುತ್ತದೆ. ಆ ದೂಳು ವಿದ್ಯುತ್ ಪ್ಯಾನೆಲ್ಲುಗಳ ಒಳಗೆ ಹೋದರೆ ಕೇಡು. ಅದು ತೇವ ಹೀರಿಕೊಂಡು ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತದೆ. ಆ ದೂಳನ್ನು ಒರೆಸಿ, ಸಡಿಲಾದ ಬೋಲ್ಟು ಬಿಗಿದು, ಸುಟ್ಟ ವಾಯರು ಬದಲಿಸುವುದು ಎಲೆಕ್ಟ್ರಿಷಿಯನ್ ದುಂಡಪ್ಪ ತಳವಾರನ ಕೆಲಸ. ಅವನ ಪ್ಯಾನೆಲ್ ಕೋಣೆಯಲ್ಲಿ ಎಲೆ ಹಾಕಿ ಉಣ್ಣಬಹುದು ಎಂದು ಕಾರ್ಖಾನೆಯಲ್ಲಿ ಹೆಸರಿತ್ತು.

ಆ ದಿನ ದುಂಡಪ್ಪ ತೆರೆದ ಪ್ಯಾನೆಲ್ಲಿನೊಳಗೆ ತಲೆ ತೂರಿಸಿ ನಿಂತಿದ್ದ. ನೆತ್ತಿಯ ಮೇಲೆಯೇ ಕೆಂಪು ದೀಪ ಮಿಣುಕುತ್ತಿತ್ತು, ಗಂಟೆ ಹೊಡೆದುಕೊಳ್ಳುತ್ತಿತ್ತು. ಅವನ ಮಟ್ಟಿಗೆ ಅದು ನೆರೆಯೂರಿನ ಗಂಟೆ. ಅಂಬುಜಾ ಗಂಟಲು ಹರಿಯುವ ಹಾಗೆ ಕೂಗಿದಳು, ಅದೂ ದಂಡ. ಅಷ್ಟರಲ್ಲಿ ಅವನ ಹೆಂಡತಿ ಕಾಶವ್ವ ಬುತ್ತಿ ಹಿಡಿದು ಬಾಗಿಲ ಹೊರಗೆ ಬಂದು ನಿಂತು, ಸೆರಗು ಸರಿಮಾಡಿಕೊಂಡು, “ಏನ್ರೀ” ಎಂದಳು. ಜೋರಾಗಿ ಕೂಡ ಅಲ್ಲ. ದುಂಡಪ್ಪ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟು ತಿರುಗಿದ.

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಅಂಬುಜಾಳ ಪರಿಚಯದ ಹುಡುಗರು ಕಾವಲು ಟೋಪಿಯೊಂದನ್ನು ಕಟ್ಟುತ್ತಿದ್ದರು. ಕರೆಂಟಿರುವ ತಂತಿಯ ಸುತ್ತ ಕಣ್ಣಿಗೆ ಕಾಣದ ವಿದ್ಯುತ್ ಕ್ಷೇತ್ರವಿರುತ್ತದೆ, ಹತ್ತಿರ ಹೋದಷ್ಟೂ ಅದರ ಬಲ ಹೆಚ್ಚು. ಟೋಪಿಯ ಹಣೆಪಟ್ಟಿ ಅದನ್ನು ಅಳೆದು, ಅಂಚಿನಲ್ಲಿದ್ದ ಪೀಪಿಯನ್ನು ಊದುತ್ತಿತ್ತು. ಕಾರ್ಖಾನೆಯಲ್ಲಿ ಅದನ್ನು ಹಾಕಿ ನೋಡಿದಾಗ ಒಂದು ವಾರ ಕೆಲಸಗಾರರು ಬೆಚ್ಚಿ ಕೈ ತೆಗೆದರು. ಆಮೇಲೆ ಪೀಪಿಯೂ ಗಾಣದ ಸದ್ದಿನಲ್ಲಿ ಒಂದಾಗಿ ಹೋಯಿತು. ಅಂಬುಜಾ ಕಾಶವ್ವನ ಸುದ್ದಿ ಹೇಳಿದಾಗ ಆ ಹುಡುಗರು ಮೊದಲು ನಕ್ಕರು. ನಕ್ಕವರೇ ಮುಂದಿನ ಹಂಗಾಮಿಗೆ ಹೊಸ ಟೋಪಿ ಕಳಿಸಿದರು. ಅದರಲ್ಲಿ ಪೀಪಿಯ ಜೊತೆಗೆ ಕಿವಿಯೊಳಗೆ ಮನೆಯವರ ಧ್ವನಿ. ದೂರವಿದ್ದಾಗ ಒಂದು ಕರೆ, ಸಮೀಪಿಸಿದರೆ ಬೇಡವೆನ್ನುವ ಮಾತು, ಇನ್ನೇನು ಮುಟ್ಟುತ್ತಾನೆ ಎಂಬಾಗ ಅವನ ಹೆಸರು. ಹೆಸರು ಕಿವಿಗೆ ಬಿದ್ದರೆ ನಿದ್ದೆಯಲ್ಲಿದ್ದವನೂ ಏಳುತ್ತಾನೆ ಎಂಬುದು ಅವರ ಲೆಕ್ಕ.

ಲೆಕ್ಕ ಸರಿಯೇ. ಆದರೆ ಧಾರವಾಡದ ಹುಡುಗರು ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರನ್ನು ಕಂಡಿರಲಿಲ್ಲ. ಟೋಪಿ ಬರುವ ಮುನ್ನ ಧ್ವನಿ ಹಿಡಿಯುವ ಯಂತ್ರ ಹೊತ್ತು ಮನೆ ಮನೆ ತಿರುಗಿದವಳು ಅಂಬುಜಾ.

“ಹೆಸರ ಹೇಳಬೇಕೇನ್ರಿ ಬಾಯಾರ? ಅವರ ಹೆಸರ?” ಕಾಶವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯ ಶಿವನ! ಗಂಡನ ಹೆಸರ ಹಿಡಿದ್ರ ಅವರ ಆಯುಷ್ಯ ಕಡಿಮಿ ಆಕೈತಂತ.”

“ಹೆಚ್ಚಾಗತದವಾ, ಅದಕ್ಕ ಕೇಳ್ಲಿಕತ್ತೇನಿ,” ಎಂದಳು ಅಂಬುಜಾ.

ಕಾಶವ್ವ ಒಪ್ಪಲಿಲ್ಲ. ಒಲೆಯ ಮುಂದೆ ಕೂತಿದ್ದ ದುಂಡಪ್ಪ ನೆಲ ನೋಡಿ ನಗುತ್ತಿದ್ದ. ಕಡೆಗೆ ಒಂದು ದಾರಿ ಹೊಳೆಯಿತು. ಒಡಪಿನಲ್ಲಾದರೆ ಹೇಳಬಹುದಲ್ಲ! ಮದುವೆಯಲ್ಲಿ, ಆರತಿಯಲ್ಲಿ, ಹೆಂಗಸರು ಪದ ಕಟ್ಟಿ ಅದರ ನಡುವೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ, ಅದಕ್ಕೆ ಯಾರ ತಕರಾರೂ ಇಲ್ಲ. ಕಾಶವ್ವ ಗೋಡೆಯ ಕಡೆ ಮುಖ ಮಾಡಿ, ಒಂದೇ ಉಸಿರಿಗೆ ಹೇಳಿದಳು:

“ತಂತಿ ಮ್ಯಾಲಿನ ಗುಬ್ಬಿ ಸಾಲಾಗಿ ಕುಂತಾವ,
ದುಂಡಪ್ಪನವರ ದಾರಿ ನನ್ನ ಕಣ್ಣು ಕಾಯ್ತಾವ.”

ಹೇಳಿದ್ದೇ ಒಳಗೆ ಓಡಿಹೋದಳು. ಉಳಿದ ಮಾತುಗಳಿಂದ ಹೆಸರನ್ನು ಯಂತ್ರದಲ್ಲೇ ಹೊಲಿದುಕೊಡುತ್ತೇವೆ ಎಂದು ಧಾರವಾಡದವರು ಹೇಳಿದ್ದರು. ಆಡದ ಮಾತನ್ನು ಯಾರ ಬಾಯಿಗೂ ತುರುಕಬಾರದು ಎಂದು ಅಂಬುಜಾ ಹಟ ಹಿಡಿದು, ಒಡಪಿನಿಂದಲೇ ಆ ಹೆಸರನ್ನು ಕತ್ತರಿಸಿ ತೆಗೆಸಿದಳು. ‘ದುಂಡಪ್ಪನವರ’ ಎಂಬಷ್ಟೇ ಕೇಳಿದಾಗ, ನಾಚಿಕೆ ತುಂಬಿದ ಆ ಕರೆಗೆ ಅಂಬುಜಾಳಿಗೇ ಒಂದು ಥರ ಆಯಿತು.

ಟೋಪಿ ಬಂದ ಮೇಲೆ ಕ್ಯಾಂಟೀನಿನ ತುಂಬ ಅದರದೇ ಮಾತು. ಒಬ್ಬ ಹೆಂಡತಿಯನ್ನು ಬಿಟ್ಟು ತಾಯಿಯ ಧ್ವನಿ ಹಾಕಿಸಿಕೊಂಡು ಮನೆಯಲ್ಲಿ ಸಾರಿಲ್ಲದ ಅನ್ನ ಉಂಡ. ದುಂಡಪ್ಪನ ಜೋಡಿ ಎಲೆಕ್ಟ್ರಿಷಿಯನ್ ಮೆಹಬೂಬ್ ಸನದಿ ಮಗಳ ಧ್ವನಿ ಹಾಕಿಸಿಕೊಂಡ. ಅವಳು “ಅಬ್ಬಾ” ಎಂದು ಕೂಗಿದಾಗಲೆಲ್ಲ ಅವನು ಕೈ ತೆಗೆಯುವುದಷ್ಟೇ ಅಲ್ಲ, “ಬಂದೆ ಬಂದೆ” ಎಂದು ಉತ್ತರವನ್ನೂ ಕೊಡುತ್ತಿದ್ದ. ನಗುವವರು ನಕ್ಕರು. ಆದರೆ ಆ ಹಂಗಾಮಿನಲ್ಲಿ ಒಬ್ಬನಿಗೂ ಶಾಕ್ ತಗುಲಲಿಲ್ಲ. ಬೇರೆ ಕಾರ್ಖಾನೆಗಳವರು ನೋಡಲು ಬಂದರು, ಅಂಬುಜಾಳಿಗೆ ಶಾಲು ಹೊದಿಸಿದರು.

ಜೊತೆಗೇ ಇನ್ನೊಂದೂ ಆಯಿತು. ಮೊದಲೆಲ್ಲ ಪ್ಯಾನೆಲ್ ಮುಟ್ಟುವ ಮುನ್ನ ಮೇಲಿನಿಂದ ಕರೆಂಟು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ‘ಕೆಲಸ ನಡೆದಿದೆ’ ಎಂಬ ಫಲಕ ತೂಗುಬಿಟ್ಟು, ಟೆಸ್ಟರ್ ಹಿಡಿದು ನೋಡಿ, ಭೂಮಿಗೆ ತಂತಿ ಜೋಡಿಸಿ, ಆಮೇಲೆ ಕೈ ಹಾಕುತ್ತಿದ್ದರು. ಈಗ ಟೆಸ್ಟರುಗಳು ಪೆಟ್ಟಿಗೆ ಸೇರಿದವು. “ಮನಿಯಾಕಿ ಸುಮ್ನದಾಳಂದ್ರ ಕರೆಂಟಿಲ್ಲ” ಎನ್ನುವುದು ಕಾರ್ಖಾನೆಯ ಗಾದೆಯೇ ಆಗಿಬಿಟ್ಟಿತು. ಅಂಬುಜಾ ಮೊದಮೊದಲು ಗದರಿಸಿದಳು. ಆಮೇಲೆ, ಗಾದೆ ಚೆನ್ನಾಗಿದೆಯಲ್ಲ, ಅವಳೂ ನಕ್ಕಳು. ಆ ನಗುವನ್ನು ನೆನೆದರೆ ಈಗ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮಳೆಗಾಲದಲ್ಲಿ ಕಾಶವ್ವ ಜ್ವರ ಬಂದು ತೀರಿಕೊಂಡಳು. ಗಟ್ಟಿಮುಟ್ಟಾದ ಹೆಂಗಸು, ವಾರವೊಪ್ಪತ್ತಿನಲ್ಲಿ ಇಲ್ಲವಾದಳು. ಮಕ್ಕಳಿಲ್ಲದ ಮನೆ. ದಿನಕರ್ಮ ಮುಗಿಸಿ ದುಂಡಪ್ಪ ಕೆಲಸಕ್ಕೆ ಬಂದ ದಿನ ಅಂಬುಜಾ ಅವನನ್ನು ಕಚೇರಿಗೆ ಕರೆದಳು. ಧ್ವನಿ ಕೊಟ್ಟವರು ತೀರಿಕೊಂಡರೆ ಟೋಪಿಯ ಧ್ವನಿ ಬದಲಿಸಬೇಕು ಎಂಬುದು ಧಾರವಾಡದವರ ಕಟ್ಟಳೆ. ಮನುಷ್ಯನ ಮನಸ್ಸು ಹೇಗೆ ತಿರುಗುತ್ತದೆಂದು ಹೇಳಲಾಗದು ಎಂದು ಅವರು ಬರೆದೇ ಇದ್ದರು.

ದುಂಡಪ್ಪ ಟೋಪಿಯನ್ನು ಎದೆಗೊತ್ತಿಕೊಂಡು ನಿಂತ. “ಇರಲಿ ಬಿಡ್ರಿ ಮೇಡಂ. ಅದಕ್ಕೇನ ಅನ್ನ ಹಾಕಬೇಕೈತಿ? ಒಂದ ಮೂಲ್ಯಾಗ ಇರತೈತಿ.”

ಬೇಡವೆನ್ನಲು ಅವಳಿಗೆ ನಾಲಗೆ ಏಳಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹಡೆಯಲು ಜಾಗವಿಲ್ಲ ಎಂದು ಹಳಬರು ಸುಮ್ಮನೆ ಹೇಳಿಲ್ಲ. ಆದರೆ ಗಾದೆ ನೆನಪಾಗುವುದು ಯಾವಾಗಲೂ ಕೆಲಸ ಕೆಟ್ಟ ಮೇಲೆಯೇ. “ಇರಲಿ” ಎಂದುಬಿಟ್ಟಳು.

ಮುಂದಿನ ಹಂಗಾಮು ಶುರುವಾಯಿತು. ನಿಯಂತ್ರಣ ಕೊಠಡಿಯ ಪರದೆಯಲ್ಲಿ ಯಾರ ಟೋಪಿ ಎಷ್ಟು ಸಲ ಎಚ್ಚರಿಸಿತೆಂಬುದು ಕಾಣುತ್ತಿತ್ತು. ದುಂಡಪ್ಪನ ಗೆರೆ ಮಾತ್ರ ಏರುತ್ತ ಹೋಯಿತು. ಪಾಪ, ದುಃಖ ಮರೆಯಲು ಎರಡರಷ್ಟು ದುಡಿಯುತ್ತಿದ್ದಾನೆ ಎಂದುಕೊಂಡಳು ಅಂಬುಜಾ. ಅವನ ಟೋಪಿ ಹೆಸರು ಹಿಡಿದು ಕೂಗುವ ಮಟ್ಟಕ್ಕೆ ಪದೇ ಪದೇ ಹೋಗುತ್ತಿರುವುದು ಅವಳ ಕಣ್ಣಿಗೆ ಬಿದ್ದದ್ದು ತಡವಾಗಿ. ಬಿದ್ದ ದಿನವೇ ಶಾಖ ತೋರಿಸುವ ಕ್ಯಾಮೆರಾ ಹಿಡಿದು ಅವನ ಪ್ಯಾನೆಲ್ ಕೋಣೆಗೆ ಹೋದಳು. ಗಾಣದ ಮೋಟಾರುಗಳ ಪ್ಯಾನೆಲ್ಲುಗಳು ಸಾಲಿಗೆ ಸಾಲೇ ಕೆಂಪಗೆ ಕಂಡವು. ಸಡಿಲು ಬೋಲ್ಟುಗಳು, ಬೆರಳು ಹುಗಿಯುವಷ್ಟು ದೂಳು, ತಂತಿ ಕೂರಿಸುವ ಬಿಲ್ಲೆಗಳ ಬಿರುಕು ಬಿಟ್ಟ ಪಿಂಗಾಣಿ. ಎಲೆ ಹಾಕಿ ಉಣ್ಣಬಹುದಾಗಿದ್ದ ಕೋಣೆ ಅದೇನಾ ಎಂದು ಅವಳು ನಿಂತಲ್ಲೇ ನಿಂತಳು.

“ದುಂಡಪ್ಪನವರ, ಏನಿದು?”

ದುಂಡಪ್ಪ ಮೂಲೆಯಲ್ಲಿ ನಿಂತು ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದ, ಕೈ ಚೊಕ್ಕವಾಗಿಯೇ ಇತ್ತು. ಅವನು ಹೇಳಿದ: “ಒರಿಸಿ ಬಿಗದ ಇಟ್ರ ತಗಿಯಾಕ ನೆವ ಸಿಗೂದಿಲ್ರಿ.”

“ಯಾಕ ತಗೀಬೇಕು?”

“ಮ್ಯಾಲಿಂದ ಬಂದ್ ಮಾಡಿ ಕೈ ಹಾಕಿದ್ರ ಆಕಿ ಮಾತಾಡೂದಿಲ್ರಿ. ಕರೆಂಟ್ ಇದ್ದಾಗ ಹ್ವಾದ್ರ ‘ಏನ್ರೀ’ ಅಂತಾಳ. ಇನ್ನೊಂದೀಟು ಹ್ವಾದ್ರ ‘ಬ್ಯಾಡ್ರಿ, ಕೈ ತಗೀರಿ’ ಅಂತಾಳ. ಅದರ ಮ್ಯಾಲೂ ಹ್ವಾದ್ರ...” ಅವನ ಧ್ವನಿ ಸಣ್ಣಗಾಯಿತು. “ಹೆಸರ ಹಿಡೀತಾಳ್ರಿ. ಇದ್ದಾಗ, ಒಡಪ ಹಾಕಿದ್ದ ಬಿಟ್ರ, ಒಮ್ಮೆನೂ ಹಿಡೀಲಿಲ್ಲ.”

ಮನುಷ್ಯನನ್ನು ಸಾವಿನಿಂದ ದೂರ ಕರೆಯಲೆಂದು ಮಾಡಿದ್ದು, ಅವನನ್ನು ದಿನವೂ ಅದರ ಬಾಯಿಗೆ ಕರೆಯುತ್ತಿತ್ತು. ಒಂದು ಬೆರಳು ಹೆಚ್ಚು ಸರಿದರೆ ದುಂಡಪ್ಪ ಇಲ್ಲ.

“ಆ ಧ್ವನಿ ನಿಮ್ಮ ಫೋನಿಗೆ ಹಾಕಿ ಕೊಡ್ತೇನಿ. ಮನ್ಯಾಗ ಕೂತು ಎಷ್ಟ್ ಬೇಕಾದಷ್ಟ್ ಕೇಳ್ರಿ,” ಎಂದಳು.

ದುಂಡಪ್ಪ ತಲೆಯಾಡಿಸಿದ. “ಫೋನಿನ್ಯಾಗ ಬರೇ ಧ್ವನಿ ಇರತೈತ್ರಿ ಮೇಡಂ. ಇಲ್ಲಿ ನನ್ನ ಸಲುವಾಗಿ ಅಂಜತಾಳ.”

ಅಂಬುಜಾ ಆಗಲೇ ಟೋಪಿ ಕಸಿದುಕೊಳ್ಳಬೇಕಿತ್ತು, ಕಸಿದುಕೊಳ್ಳಲಿಲ್ಲ. “ಇನ್ನ ಮ್ಯಾಲೆ ಹಂಗ ಮಾಡಬ್ಯಾಡ್ರಿ, ಮಾತು ಕೊಡ್ರಿ” ಎಂದಳು. ದುಂಡಪ್ಪ ಕೊಟ್ಟ. ಟೆಸ್ಟರನ್ನು ಪೆಟ್ಟಿಗೆಯಿಂದ ತೆಗೆದು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ತೋರಿಸಿದ ಕೂಡ. ಪ್ಯಾನೆಲ್ಲುಗಳ ದುರಸ್ತಿಗೆ ಕಾರ್ಖಾನೆ ನಿಲ್ಲಿಸಬೇಕಿತ್ತು. ಅಂಗಳದಲ್ಲಿ ಕಬ್ಬಿನ ಗಾಡಿಗಳು ರಸ್ತೆಯವರೆಗೆ ಸಾಲುಗಟ್ಟಿದ್ದವು, ಕಬ್ಬು ಒಣಗುತ್ತಿದ್ದರೆ ರೈತರು ಸುಮ್ಮನಿರುವವರಲ್ಲ. ಅಂತೂ ಮ್ಯಾನೇಜರರನ್ನು ಕಾಡಿ ಬೇಡಿ ವಾರದ ಕೊನೆಗೆ ಗಾಣ ನಿಲ್ಲಿಸಲು ಒಪ್ಪಿಸಿದಳು.

ಮರುದಿನ ಪರದೆ ನೋಡಿದರೆ, ಟೋಪಿ ಮತ್ತೆ ಹೆಸರು ಹಿಡಿದು ಕೂಗಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅವಳು ಎಲ್ಲವನ್ನೂ ಮನೆಯಲ್ಲಿ ಹೇಳಿಕೊಂಡಳು. ಗಂಡ ಶ್ರೀಪಾದನದು ಊರಲ್ಲೊಂದು ಔಷಧದ ಅಂಗಡಿ. ಜನ ಕಹಿ ಗುಳಿಗೆಗೂ ಸಿಹಿ ಗುಳಿಗೆಗೂ ಒಂದೇ ಮುಖ ಮಾಡುವುದನ್ನು ಕಂಡವನು. ಎಲ್ಲ ಕೇಳಿ ಹೇಳಿದ: “ಅಂಬೂ, ಅದನ್ನ ತಗದುಬಿಡು. ಆದ್ರ ಅವಗ ಹೇಳಿ ತಗಿ.”

“ಹ್ಯಾಂಗ ಹೇಳ್ಲಿರೀ? ನಿಮ್ಮ ಹೆಂಡತಿ ಎರಡನೇ ಸಲ ಸತ್ತಾಳ ಅಂತನಾ?”

“ಹಂಗಽ ಹೇಳು. ಬಯ್ತಾನ, ಅಳ್ತಾನ. ಅತ್ರ ಅತ್ತಾನು.”

ಅವಳಿಗೂ ಅದು ಸರಿಯೆನಿಸಿತು. ಬೆಳಿಗ್ಗೆ ಹೋದವಳೇ ಹೇಳುತ್ತೇನೆ ಎಂದುಕೊಂಡು ಮಲಗಿದಳು.

ಬೆಳಿಗ್ಗೆ ದುಂಡಪ್ಪ ಸಿಕ್ಕ. ಆದರೆ ಅಂದು ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಸ್ವಲ್ಪ ಗೆಲುವಿತ್ತು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ. ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋದಳು. ಅವನ ಸುತ್ತ ಮೆಹಬೂಬ್ ಮತ್ತು ನಾಲ್ಕು ಜನ ಕೂತಿದ್ದರು, ಜನರೆದುರು ಇಂಥ ಮಾತು ಆಡುವುದುಂಟೇ? ಟೋಪಿಗಳು ಆಗ ಚಾರ್ಜಿಗೆಂದು ಗೂಟದ ಸಾಲಿನಲ್ಲಿ ತೂಗುತ್ತಿದ್ದವು. ಅಂಬುಜಾ ನಿಯಂತ್ರಣ ಕೊಠಡಿಗೆ ಬಂದು, ಕುರ್ಚಿಯಲ್ಲಿ ಕೂತು, ದುಂಡಪ್ಪನ ಟೋಪಿಯಿಂದ ಕಾಶವ್ವನ ಧ್ವನಿಯನ್ನು ಅಳಿಸಿದಳು. ಧ್ವನಿ ಇಲ್ಲದಿದ್ದರೇನು, ಅಂಚಿನ ಪೀಪಿ ಇದ್ದೇ ಇದೆ, ಊದುತ್ತದೆ. ಸಂಜೆ ಪಾಳಿ ಬಿಟ್ಟ ಮೇಲೆ ಒಬ್ಬನನ್ನೇ ಕೂರಿಸಿಕೊಂಡು, ಚಹಾ ತರಿಸಿ, ನಿಧಾನವಾಗಿ ಹೇಳುವುದು. ಇದೇ ಒಳ್ಳೆಯದು ಎಂದು ತನಗೆ ತಾನೇ ಒಪ್ಪಿಸಿದಳು. ಹೇಳುವ ಕಷ್ಟದಿಂದ ತಪ್ಪಿಸಿಕೊಳ್ಳಲು ಮನುಷ್ಯ ಹುಡುಕುವ ಕಾರಣಗಳು ಯಾವಾಗಲೂ ಬಹಳ ಒಳ್ಳೆಯವೇ ಆಗಿರುತ್ತವೆ.

ಊಟ ಮುಗಿದು ಸ್ವಲ್ಪ ಹೊತ್ತಿಗೆ ಎರಡನೇ ಗಾಣದ ಮೋಟಾರು ನಿಂತಿತು. ದುಂಡಪ್ಪ ಟೋಪಿ ಹಾಕಿಕೊಂಡು ಪ್ಯಾನೆಲ್ ಕೋಣೆಗೆ ಹೋದ. ನಿಯಂತ್ರಣ ಕೊಠಡಿಯ ದೀಪಗಳು ಒಮ್ಮೆ ಮಂಕಾದವು, ಎಲ್ಲಿಂದಲೋ ಢಬ್ ಎಂಬ ಸದ್ದು ಬಂತು, ಆಮೇಲೆ ಗಾಣಗಳೆಲ್ಲ ನಿಂತು ಕಾರ್ಖಾನೆ ಮೌನವಾಯಿತು. ಅಂಬುಜಾ ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಚಪ್ಪಲಿ ಕಳಚಿ ಹೋದದ್ದೂ ತಿಳಿಯದೆ ಓಡಿದಳು.

ದುಂಡಪ್ಪ ಬದುಕಿದ. ಮೆಹಬೂಬ್ ಒಣ ಕೋಲಿನಿಂದ ಅವನನ್ನು ಈಚೆ ತಳ್ಳಿ, ಎದೆ ಒತ್ತಿ ಒತ್ತಿ ಉಸಿರು ತರಿಸಿದ್ದ. ಬೆಳಗಾವಿಯ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯವರೆಗೆ ತೆಗೆದರು.

ಧಾರವಾಡದ ಹುಡುಗರು ಬಂದು, ಅಂಚು ಸುಟ್ಟು ಕರಗಿದ್ದ ಟೋಪಿಯನ್ನು ಬಿಚ್ಚಿ ನೋಡಿ ಕಂಗಾಲಾದರು. ಅದರಲ್ಲಿ ಕಾಶವ್ವನ ಧ್ವನಿ ಇರಲಿಲ್ಲ, ಶಾಕಿಗೆ ಅಳಿಸಿಹೋಗಿರಬೇಕು ಎಂದುಕೊಂಡರು. ಹಣೆಪಟ್ಟಿ ಸರಿಯಾಗಿತ್ತು, ಪೀಪಿಗೆ ಅಪ್ಪಣೆಯೂ ಹೋಗಿತ್ತು. ಮತ್ತೆ ಯಾಕೆ ಯಾರಿಗೂ ಕೇಳಿಸಲಿಲ್ಲ? ಅದನ್ನು ಅಂಬುಜಾಳಿಗೆ ಹೇಳಿದವನು ಮೆಹಬೂಬ್, ಆಸ್ಪತ್ರೆಯ ಅಂಗಳದಲ್ಲಿ.

“ಪೀಪಿ ತೂತಿನ್ಯಾಗ ಮೇಣ ತುಂಬ್ಯಾನ್ರಿ ಮೇಡಂ, ಆಕಿ ತೀರಿಕೊಂಡ ಮ್ಯಾಲ. ಅದರ ಸಪ್ಪಳದಾಗ ಆಕಿ ಮಾತು ಕೇಳಸಂಗಿಲ್ಲ ಅಂತಿದ್ದ. ನನಗ ಗೊತ್ತಿತ್ರಿ. ಪಾಪ, ಇರಲಿ ಅಂತ ನಾನೂ ಸುಮ್ನಾದೆ.” ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. “ಮನಿಯಾಕಿ ಸುಮ್ನದಾಳಂದ್ರ ಕರೆಂಟಿಲ್ಲ, ನಾವ ಹೇಳಿದ್ದಲ್ಲೇನ್ರಿ ಇದು?”

ಒಬ್ಬೊಬ್ಬರೂ ಅವನ ಮೇಲೆ ಒಂದೊಂದು ಕರುಣೆ ತೋರಿಸಿದ್ದರು. ಎಲ್ಲ ಕರುಣೆಗಳು ಸೇರಿ ಅವನ ಕೈ ತೆಗೆದವು.

ಅಂಬುಜಾ ವಾರ್ಡಿನೊಳಗೆ ಹೋದಾಗ ದುಂಡಪ್ಪ ಎಚ್ಚರವಾಗಿದ್ದ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. ಧ್ವನಿ ಅಳಿಸಿದ್ದು ಅವಳೆಂದು ಶ್ರೀಪಾದನ ಹೊರತು ಯಾರಿಗೂ ಗೊತ್ತಿರಲಿಲ್ಲ. ಯಂತ್ರ ಕೈಕೊಟ್ಟಿತು ಎಂದು ವರದಿ ಬರೆದರೆ ಎಲ್ಲರೂ ನಂಬುತ್ತಿದ್ದರು. ಕೆಲಸ ಉಳಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು.

“ಮೇಡಂ,” ಎಂದ ದುಂಡಪ್ಪ. ಸುಟ್ಟ ತುಟಿಯಿಂದ ಮಾತು ನಿಧಾನವಾಗಿ ಬರುತ್ತಿತ್ತು. “ಒಂದ ಮಾತ ಕೇಳತೇನ್ರಿ. ಅವತ್ತ ಆಕಿ ಮಾತಾಡಲಿಲ್ರಿ.”

ಅಂಬುಜಾ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು.

“ಕೈ ಹಾಕಿದ್ನಿ, ಸುಮ್ನಿದ್ಲು. ನಿಮಗ ಮಾತ ಕೊಟ್ಟು ತಪ್ಪಿದ್ನೆಲ್ರಿ, ಅದಕ್ಕ ಸಿಟ್ಟಾಗ್ಯಾಳ ಅಂದ್ಕೊಂಡ್ನಿ. ಇದ್ದಾಗನೂ ಹಂಗಽರಿ, ಸಿಟ್ಟ ಬಂದ್ರ ಬಯ್ಯಾಕಿ ಅಲ್ಲ, ಮಾತ ಬಿಡಾಕಿ. ಮಾತಾಡಸೂಣು ಅಂತ ಇನ್ನೊಂದೀಟು ಮುಂದ ಸರಿಸಿದ್ನಿ. ಮತ್ತೂ ಸುಮ್ನಿದ್ಲು.” ಅವನು ಉಸಿರು ತೆಗೆದುಕೊಂಡ. “ಅಷ್ಟ ಸಿಟ್ಟ ಆಕೀಗಿ ಯಾಕ ಬಂತ್ರಿ?”

ಆ ಪ್ರಶ್ನೆಯ ಮುಂದೆ ಅಂಬುಜಾಳ ದಾಕ್ಷಿಣ್ಯ ನಿಲ್ಲಲಿಲ್ಲ.

“ಆಕಿ ಅಲ್ಲಿ ಇರಲೇ ಇಲ್ಲ, ದುಂಡಪ್ಪನವರ,” ಎಂದಳು. “ಅವತ್ತು ಮಧ್ಯಾಹ್ನ ಆಕಿ ಧ್ವನಿ ನಾನು ತಗದಿದ್ದೆ. ನಿಮ್ಮ ಮುಂದ ಹೇಳ್ಲಿಕ್ಕೆ ಧೈರ್ಯ ಆಗಲಿಲ್ಲ. ಸಂಜಿಗೆ ಹೇಳಿದ್ರಾತು ಅಂದ್ಕೊಂಡೆ. ಹೇಳಿದ್ರ ನಿಮ್ಮ ಕೈ ಉಳೀತಿತ್ತು. ಇದು ನನ್ನ ತಪ್ಪು.”

ದುಂಡಪ್ಪ ಅವಳನ್ನೇ ನೋಡಿದ. ಬೈಗುಳಕ್ಕೆ, ಅಳುವಿಗೆ, ಏನಕ್ಕೂ ಅವಳು ಸಿದ್ಧಳಾಗಿ ಕೂತಿದ್ದಳು. ದುಂಡಪ್ಪನ ಎಡಗೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು.

“ಹಂಗಾರ,” ಎಂದ ಅವನು, “ಆಕೀಗಿ ನನ್ನ ಮ್ಯಾಲ ಸಿಟ್ಟ ಇರಲಿಲ್ಲ?”

“ಇಲ್ಲ.”

“ಖರೇನ?”

“ಖರೇನಽ.”

ದುಂಡಪ್ಪ ಕಣ್ಣು ಮುಚ್ಚಿದ. ಅಷ್ಟು ದಿನ ಬಿಗಿದುಕೊಂಡಿದ್ದ ಮುಖ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು. ಅವನು ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ಅಂಬುಜಾ ಅಲ್ಲಿಯೇ ಕೂತಿದ್ದಳು.